ಸಾವಯವ ಮಡಿ, ರಾಸಾಯನಿಕ ಮಡಿ: ಹಿತ್ತಲ ಸ್ಟ್ರಾಬೆರಿ ಪ್ರಯೋಗದ ಜನವರಿ ವರದಿ

ಬೆಳಗಾವಿಯ ನಮ್ಮ ಹಿತ್ತಲಿನಲ್ಲಿ ಅಕ್ಟೋಬರ್ 12ರಂದು ನೆಟ್ಟ 80 ಸ್ಟ್ರಾಬೆರಿ ಸಸಿಗಳು ಈಗ ಫಸಲಿನ ನಡುಹಂತದಲ್ಲಿವೆ. ತಳಿ ವಿಂಟರ್ ಡಾನ್. ಸಸಿಗಳು ಬಂದದ್ದು ಮಹಾಬಳೇಶ್ವರದ ಕಡೆಯಿಂದ. ಎರಡೂ ಮಡಿಗಳು 20 ಅಡಿ ಉದ್ದ, 3 ಅಡಿ ಅಗಲ, ಒಂದಡಿ ಎತ್ತರ. ಎರಡಕ್ಕೂ ಮಣ್ಣು ಮುಚ್ಚುವ ಒಂದೇ ಬಗೆಯ ಮಲ್ಚಿಂಗ್ ಹಾಳೆ, ಒಂದೇ ಬಗೆಯ ಡ್ರಿಪ್ ಪೈಪು. ರಾಸಾಯನಿಕ ಮಡಿಗೆ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮಪಾಲಿನಲ್ಲಿರುವ ಗೊಬ್ಬರ), ಹೂ ಬಿಟ್ಟ ಮೇಲೆ ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಪೊಟ್ಯಾಶ್. ಸಾವಯವ ಮಡಿಗೆ ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಬೇವಿನ ಹಿಂಡಿ ಮತ್ತು ಜೀವಾಮೃತ. ಸಸಿಗಳ ಬೇರನ್ನು ನರ್ಸರಿಯಲ್ಲೇ ಶಿಲೀಂಧ್ರನಾಶಕದಲ್ಲಿ ಅದ್ದಿ ಕಳಿಸಿದ್ದರಿಂದ, ‘ಸಾವಯವ’ ಎಂಬ ಮಾತನ್ನು ಇಲ್ಲಿ ಸ್ವಲ್ಪ ಸಡಿಲವಾಗಿಯೇ ಬಳಸುತ್ತಿದ್ದೇನೆ.

ಡಿಸೆಂಬರ್ ಮಧ್ಯದ ಹೊತ್ತಿಗೆ ಸಾವಯವ ಮಡಿ ಹಿಂದೆ ಬಿದ್ದದ್ದು ಕಣ್ಣಿಗೇ ಕಾಣುತ್ತಿತ್ತು. ಸಾರಜನಕ ಸಾಲುತ್ತಿಲ್ಲವೆಂದು ನಾನು ತೀರ್ಮಾನಿಸಿ, ಇನ್ನಷ್ಟು ಎರೆಗೊಬ್ಬರ ತರಿಸುವ ಯೋಚನೆಯಲ್ಲಿದ್ದೆ. ಡಿಸೆಂಬರ್ 20ರಂದು ಕಳೆ ಕೀಳಲು ಬಂದ ಹುಡುಗ ಹಾಳೆಯ ತೂತಿನೊಳಗೆ ಬೆರಳಿಟ್ಟು ನೋಡಿ, ‘ಸರ, ಈ ಕಡೀ ಗಿಡದ ಬುಡ ಒಣಾ ಐತ್ರೀ’ ಅಂದ. ಪೈಪಿನ ಕೊನೆಯ ಮುಚ್ಚಳ ತೆಗೆದಾಗ ಹಿಟ್ಟಿನ ಗಂಜಿಯಂಥ ಕಂದು ಲೋಳೆ ಹೊರಬಂತು. ಸಗಣಿ, ಬೆಲ್ಲ, ಕಡಲೆಹಿಟ್ಟು ಕಲಸಿ ಕೊಳೆಸಿದ ಜೀವಾಮೃತವನ್ನು ನಾನು ಒಂದೇ ಪದರ ಬಟ್ಟೆಯಲ್ಲಿ ಸೋಸಿ ಡ್ರಿಪ್‌ಗೆ ಬಿಟ್ಟಿದ್ದೆ. ಕೊನೆಯ 10 ಗಿಡಗಳಿಗೆ ನೀರು ಬಿಡುವ ಪೈಪಿನ ತೂತುಗಳು ಮುಚ್ಚಿಹೋಗಿದ್ದವು. ಸ್ಟ್ರಾಬೆರಿಯ ಬೇರು ಬಹುಪಾಲು ಮಣ್ಣಿನ ಮೇಲ್ಪದರದಲ್ಲೇ ಹರಡುವುದರಿಂದ, ನೀರು ತಪ್ಪಿದರೆ ಆಳದ ತೇವವನ್ನು ಎಳೆದುಕೊಂಡು ಬದುಕುವ ಸಾಮರ್ಥ್ಯ ಅದಕ್ಕಿಲ್ಲ.

ಅಂದಿನಿಂದ ಆ 10 ಗಿಡಗಳ ಹಣ್ಣನ್ನು ಬೇರೆಯಾಗಿಯೇ ತೂಗುತ್ತಿದ್ದೇನೆ. ಜನವರಿ ತಿಂಗಳಲ್ಲಿ ರಾಸಾಯನಿಕ ಮಡಿಯ 40 ಗಿಡಗಳು 3.2 ಕಿಲೋ, ಅಂದರೆ ಗಿಡಕ್ಕೆ 80 ಗ್ರಾಂ ಕೊಟ್ಟವು. ಸಾವಯವ ಮಡಿಯ ಒಟ್ಟು ಲೆಕ್ಕ 2.4 ಕಿಲೋ, ಗಿಡಕ್ಕೆ 60 ಗ್ರಾಂ. ಆದರೆ ನೀರು ಸರಿಯಾಗಿ ಸಿಕ್ಕ 30 ಗಿಡಗಳನ್ನಷ್ಟೇ ಹಿಡಿದರೆ ಗಿಡಕ್ಕೆ 70 ಗ್ರಾಂ. ಕೊನೆಯ ಹತ್ತರದ್ದು ಬರೀ 30. ಹೀಗಾಗಿ ನಾನು ಗೊಬ್ಬರದ ತಲೆಗೆ ಕಟ್ಟಲು ಹೊರಟಿದ್ದ ಕೊರತೆಯಲ್ಲಿ ಅರ್ಧ ಭಾಗ ನನ್ನ ಸೋಸುವ ಬಟ್ಟೆಯದೇ ಆಗಿತ್ತು.

ರಾಸಾಯನಿಕ ಮಡಿಯ ತೊಂದರೆ ಬೇರೆ ಬಗೆಯದು. ಜನವರಿಯ ಒಣಗಾಳಿಗೆ ಎರಡೂ ಕಡೆ ಎಲೆಯ ಅಡಿಯಲ್ಲಿ ಕೆಂಪು ನುಸಿ ಕಾಣಿಸಿತು. ಸಾವಯವ ಮಡಿಗೆ ಬೇವಿನೆಣ್ಣೆಯನ್ನು ವಾರಕ್ಕೊಮ್ಮೆ, ಎಲೆ ಮಗುಚಿ ಮಗುಚಿ ಹೊಡೆಯಬೇಕಾಯಿತು, ಬೇಸರದ ಕೆಲಸ. ಇನ್ನೊಂದಕ್ಕೆ ಒಮ್ಮೆ ನುಸಿನಾಶಕ ಹೊಡೆದೆ, ನುಸಿ ಮೂರೇ ದಿನಕ್ಕೆ ಇಳಿಯಿತು. ಆದರೆ ಔಷಧಿ ಹೊಡೆದ ಮೇಲೆ ಹಣ್ಣು ಕೊಯ್ಯದೆ ಕಾಯಬೇಕಾದ ಅವಧಿಯೊಂದಿದೆ. ಸ್ಟ್ರಾಬೆರಿಯನ್ನು ಎರಡು ದಿನಕ್ಕೊಮ್ಮೆ ಕೊಯ್ಯಲೇಬೇಕು, ಸಿಪ್ಪೆ ಸುಲಿದು ತಿನ್ನುವ ಹಣ್ಣೂ ಅದಲ್ಲ. ಆ ದಿನಗಳಲ್ಲಿ ಮಾಗಿದ್ದನ್ನೆಲ್ಲ ಕಿತ್ತು ಗುಂಡಿಗೆ ಹಾಕಿದೆ. ಮೇಲಿನ 3.2 ಕಿಲೋದಲ್ಲಿ ಹಾಗೆ ಎಸೆದ 400 ಗ್ರಾಂ ಕೂಡ ಸೇರಿದೆ. ಅದನ್ನು ಕಳೆದರೆ ಮನೆಯೊಳಗೆ ಬಂದದ್ದು ಗಿಡಕ್ಕೆ 70 ಗ್ರಾಂ, ನೀರು ಸರಿಯಾಗಿ ಸಿಕ್ಕ ಸಾವಯವ ಗಿಡಗಳಷ್ಟೇ.

ಸಾವಯವ ಮಡಿಯ ಹಣ್ಣು ಚಿಕ್ಕದು, ರುಚಿ ಗಟ್ಟಿ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಣ್ಣು ವಿಜ್ಞಾನಿ ಜಾನ್ ರೆಗನೋಲ್ಡ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್ ಪ್ರದೇಶದಲ್ಲಿ 13 ಜೋಡಿ ತೋಟಗಳನ್ನು ಹೋಲಿಸಿದಾಗಲೂ ಸಾವಯವ ಹಣ್ಣು ಗಾತ್ರದಲ್ಲಿ ಕಿರಿದಾಗಿತ್ತು, ವಿಟಮಿನ್ ಸಿ ಹೆಚ್ಚಿತ್ತು, ಕೆಡದೆ ಹೆಚ್ಚು ದಿನ ಉಳಿದಿತ್ತು. ರಂಜಕ ಮತ್ತು ಪೊಟ್ಯಾಶಿಯಂ ಮಾತ್ರ ರಾಸಾಯನಿಕ ತೋಟದ ಹಣ್ಣಿನಲ್ಲಿ ಜಾಸ್ತಿ ಇದ್ದವು. ನಾನು ಎರಡೂ ಮಡಿಗಳಿಂದ ಹತ್ತತ್ತು ಹಣ್ಣನ್ನು ಫ್ರಿಜ್ಜಿನಲ್ಲಿಟ್ಟು ನೋಡಿದೆ. ಆರನೆಯ ದಿನ ರಾಸಾಯನಿಕದ ನಾಲ್ಕಕ್ಕೆ, ಸಾವಯವದ ಮೂರಕ್ಕೆ ಬೂದು ಬೂಸ್ಟು ಬಂದಿತ್ತು. ಇಪ್ಪತ್ತು ಹಣ್ಣಿನಲ್ಲಿ ಒಂದು ಹಣ್ಣಿನ ಅಂತರವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಿಜವಾದ ಪರೀಕ್ಷೆ ಇನ್ನೂ ಮುಂದಿದೆ. ಕ್ಯಾಲಿಫೋರ್ನಿಯಾದ ಬೆಳೆಗಾರರು ದಶಕಗಳ ಕಾಲ ಮೀಥೈಲ್ ಬ್ರೋಮೈಡ್ ಅನಿಲದಿಂದ ಮಣ್ಣನ್ನು ಶುದ್ಧಮಾಡಿ ಸಸಿ ನೆಟ್ಟದ್ದು, ಅದೇ ನೆಲದಲ್ಲಿ ಮತ್ತೆ ಮತ್ತೆ ಸ್ಟ್ರಾಬೆರಿ ಹಾಕಿದಾಗ ಸೇರಿಕೊಳ್ಳುವ ವರ್ಟಿಸಿಲಿಯಂನಂಥ ಸೊರಗು ರೋಗಗಳಿಗೆ ಹೆದರಿ. ಓಜೋನ್ ಪದರಕ್ಕೆ ಹಾನಿ ಮಾಡುವ ಆ ಅನಿಲ ಮಾಂಟ್ರಿಯಲ್ ಒಪ್ಪಂದದಡಿ ಹಂತಹಂತವಾಗಿ ಬಳಕೆಯಿಂದ ಹೋಯಿತು; ಅಲ್ಲಿನ ಸಾವಯವ ರೈತರು ಬ್ರೊಕೊಲಿಯಂಥ ಬೆಳೆಗಳನ್ನು ಸರದಿಯಲ್ಲಿ ಹಾಕಿ ಮಣ್ಣಿನ ರೋಗವನ್ನು ತಗ್ಗಿಸುವ ದಾರಿ ಹಿಡಿದರು. ಹಿಂದೆಂದೂ ಸ್ಟ್ರಾಬೆರಿ ಕಾಣದ ನನ್ನ ಹಿತ್ತಲಿನ ಕೆಂಪು ಮಣ್ಣಿನಲ್ಲಿ ಮೊದಲ ವರ್ಷ ಇಂಥ ರೋಗ ಬರದಿದ್ದರೆ ಅದರ ಶ್ರೇಯ ಯಾವ ಪದ್ಧತಿಗೂ ಸಲ್ಲುವುದಿಲ್ಲ. ಆದ್ದರಿಂದ ಮುಂದಿನ ಅಕ್ಟೋಬರ್‌ಗೂ ಇದೇ ಎರಡು ಮಡಿಗಳಲ್ಲಿ ನೆಡುತ್ತೇನೆ. ನಡುವೆ ಸಾವಯವ ಮಡಿಯಲ್ಲಿ ಬ್ರೊಕೊಲಿ ಬೆಳೆದು, ಅದರ ಎಲೆ ದಂಟನ್ನು ಹಸಿಯಾಗಿಯೇ ಮಣ್ಣಿಗೆ ಸೇರಿಸುವುದೆಂದು ಗೊತ್ತುಮಾಡಿದ್ದೇನೆ.

ಸದ್ಯಕ್ಕೆ ಜೀವಾಮೃತವನ್ನು ಡ್ರಿಪ್‌ಗೆ ಬಿಡುವುದನ್ನು ನಿಲ್ಲಿಸಿ, ಚೊಂಬಿನಲ್ಲಿ ಗಿಡಗಿಡಕ್ಕೂ ಹೊಯ್ಯುತ್ತಿದ್ದೇನೆ. 40 ಗಿಡಕ್ಕೆ 25 ನಿಮಿಷ ಬೇಕಾಗುತ್ತದೆ.