ಲೋಟ ಅಂದದ್ದನ್ನು ನೈಂಟಿ ಅಂತ ಬರೆದುಕೊಂಡೆ

ಕಾರವಾರದ ಕಡೆ ಬಿಪಿ, ಶುಗರ್ ಕ್ಲಿನಿಕ್ಕೊಂದರಲ್ಲಿ ಆಪ್ತಸಮಾಲೋಚಕಿ ನಾನು. "ದಿನಕ್ಕೆ ಎಷ್ಟು ಕುಡೀತೀರಿ?" ಎಂದರೆ ನಮ್ಮ ಗಂಡಸರು ಹೇಳುವುದು ನೈಂಟಿ ಲೆಕ್ಕದಲ್ಲೇ. ಒಂದು ನೈಂಟಿ, ಎರಡು ನೈಂಟಿ, ಹಬ್ಬಕ್ಕೊಂದು ಕ್ವಾರ್ಟರು. ಫಾರಂ ತುಂಬುವ ನನಗೂ ಸಲೀಸು. 30 ಎಂ.ಎಲ್. ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಮದ್ಯಸಾರ, ಅದು ಒಂದು ಡ್ರಿಂಕ್. 90 ಎಂ.ಎಲ್.ನ ನೈಂಟಿಗೆ ಮೂರು, 180ರ ಕ್ವಾರ್ಟರಿಗೆ ಆರು. ಗುಣಿಸಿ ಬರೆದರೆ ಮುಗಿಯಿತು.

2023ರ ಜುಲೈನ ರಾಜ್ಯ ಬಜೆಟ್ಟಿನಲ್ಲಿ ವಿಸ್ಕಿ, ಬ್ರಾಂದಿ, ರಮ್ಮಿನ ಎಲ್ಲ 18 ಸ್ಲ್ಯಾಬುಗಳ (ಬೆಲೆಯ ಹಂತಗಳ) ಮೇಲೂ ಹೆಚ್ಚುವರಿ ಅಬಕಾರಿ ಸುಂಕ ಶೇ 20ರಷ್ಟು ಏರಿತು. ಬಿಯರಿನದು ಶೇ 175ರಿಂದ 185ಕ್ಕೆ ಹೋಯಿತು. ಆ ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ರಿಜಿಸ್ಟರಿನಲ್ಲಿ ಎರಡರ ಜಾಗದಲ್ಲಿ ಒಂದು ಕಾಣಿಸತೊಡಗಿತು. 'ಬೆಲೆ ಏರಿಕೆಯಿಂದ ಸೇವನೆ ಇಳಿಮುಖ' ಎಂದು ತಿಂಗಳ ವರದಿಯಲ್ಲಿ ಹುರುಪಿನಿಂದ ಬರೆದೆ. ಮೇಲಿನವರಿಗೂ ಖುಷಿಯಾಯಿತು.

ಬೈತಖೋಲ ಬಂದರಿನಿಂದ ಬೋಟಿಗೆ ಹೋಗುವವರೊಬ್ಬರು ಬರುತ್ತಿದ್ದರು (ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ). "ಈಗ ಒಂದೇ ಲೋಟ ಅಕ್ಕೋರೆ, ಈ ರೇಟು ಯಾರಿಗೆ ತಡೀತದೆ?" ಅನ್ನುತ್ತಿದ್ದರು. ಮೊದಲು ಎರಡು ನೈಂಟಿ ಇತ್ತು. ಆದರೂ ಬಿಪಿ ಇಳಿಯಲಿಲ್ಲ, ಲಿವರ್ ಟೆಸ್ಟ್ ಮೊದಲಿಗಿಂತ ಕೆಟ್ಟಿತು. ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡೆ.

ಒಂದು ದಿನ ಮಾತ್ರೆ ಒಯ್ಯಲು ಅವರ ಹೆಂಡತಿ ಬಂದರು. "ಲೋಟ ಒಂದೇ ಹೌದು. ಗೋವಾ ಬಾಟ್ಲಿ ಅಕ್ಕಿ ಡಬ್ಬದ ಹಿಂದೆ ಇದ್ಯಲ್ಲ" ಅಂದರು.

ಮುಂದಿನ ಸಲ ಅವರಿಗೆ ಒಂದು ಸ್ಟೀಲ್ ಲೋಟ, ಒಂದು ತಂಬಿಗೆ ನೀರು ಕೊಟ್ಟೆ. ಮನೆಯಲ್ಲಿ ಹೇಗೋ ಹಾಗೇ ಬಗ್ಗಿಸಿ ಅಂದೆ. ಸ್ವಲ್ಪ ನಾಚಿಕೊಂಡು ಬಗ್ಗಿಸಿದರು. ಲ್ಯಾಬಿನ ಅಳತೆ ಜಾಡಿಗೆ ಸುರಿದರೆ 130 ಎಂ.ಎಲ್.! ಊಟ ಆದಮೇಲೆ ಅರ್ಧ ಲೋಟ ಬೇರೆ, ಅದನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಎರಡೂ ಸೇರಿ 195. ಎರಡು ನೈಂಟಿಗೆ 180. ಮನುಷ್ಯ ಸುಳ್ಳು ಹೇಳಿರಲಿಲ್ಲ, ಅವರು ಲೋಟ ಅಂದದ್ದನ್ನು ನೈಂಟಿ ಅಂತ ಬರೆದುಕೊಂಡವಳು ನಾನು.

ನೈಂಟಿ ಪ್ಯಾಕೆಟ್ ಒಡೆದರೆ ಅಲ್ಲಿಗೇ ಮುಗಿಯುತ್ತದೆ, ಇನ್ನೊಂದು ಬೇಕೆಂದರೆ ಚಪ್ಪಲಿ ಮೆಟ್ಟಿ ಅಂಗಡಿಗೆ ಹೋಗಬೇಕು. ಮನೆಯಲ್ಲಿರುವ 750 ಎಂ.ಎಲ್. ಬಾಟಲಿಗೆ ಆ ತಡೆ ಇಲ್ಲ. ಗೋವಾದಲ್ಲಿ ಸುಂಕ ಕಡಿಮೆ, ಗಡಿಯ ಮಾಜಾಳಿ ಗೇಟು ದಾಟಿದರೆ ಅಲ್ಲಿನ ಪೋಳೆಂ ಊರು. ತರುವುದು ಕಾನೂನಿಗೆ ವಿರುದ್ಧ, ಅಬಕಾರಿಯವರು ಗೇಟಿನಲ್ಲೂ ರೈಲಿನಲ್ಲೂ ಹಿಡಿಯುತ್ತಾರೆ. ಆದರೂ ಬರುತ್ತದೆ.

ಹೆಂಡತಿಯ ತಕರಾರು ಬೇರೆಯೇ ಇತ್ತು. ಮೊದಲು ದಿನದ ಪಾಲಿನಿಂದ ದಿನದ ದುಡ್ಡು ಹೋಗುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು, ಜಗಳವಾಡಬಹುದಿತ್ತು. ಈಗ ಪಗಾರದ ದಿನವೇ ಮೂರು ಬಾಟಲಿಯ ಹಣ ಒಟ್ಟಿಗೆ ಹೋಗುತ್ತದೆ. ಅದು ಕಿರಾಣಿಯ ದುಡ್ಡು. ಅಂಗಡಿಯ ಉದ್ರಿ ಪುಸ್ತಕ ಅಲ್ಲಿಂದ ಬೆಳೆಯುತ್ತದೆ. "ಬಾಟ್ಲಿ ಅಗ್ಗ ಅಂತ ಇವರು ಹೇಳ್ತಾರೆ, ನಾನು ಹಾಲು ಅರ್ಧ ಲೀಟರಿಗೆ ಇಳಿಸಿದೆ" ಅಂದರು.

ಹಾಗಂತ ಬೆಲೆ ಏರಿಸುವುದು ವ್ಯರ್ಥ ಅನ್ನಲಾರೆ. ಸ್ಕಾಟ್ಲೆಂಡಿನಲ್ಲಿ 2018ರ ಮೇ 1ರಿಂದ ಮದ್ಯಸಾರದ ಒಂದು ಯೂನಿಟ್ಟಿಗೆ, ಅಂದರೆ 8 ಗ್ರಾಮಿಗೆ, 50 ಪೆನ್ಸ್ ಕನಿಷ್ಠ ಬೆಲೆ ಕಟ್ಟಿದರು. ಮದ್ಯದಿಂದಲೇ ಆಗುವ ಸಾವುಗಳು ಅಂದಾಜು ಶೇ 13ರಷ್ಟು ತಗ್ಗಿದವು. 2024ರಲ್ಲಿ ಅದನ್ನು 65 ಪೆನ್ಸ್ ಮಾಡಿದರು. ಅಲ್ಲಿ ಬೆಲೆ ಬಾಟಲಿಯೊಳಗಿನ ಮದ್ಯಸಾರವನ್ನು ಹಿಡಿದು ನಿಲ್ಲುತ್ತದೆ. ನಮ್ಮಲ್ಲಿ ಆಗ ಸ್ಲ್ಯಾಬು ಕಂಪನಿ ಘೋಷಿಸಿದ ದರವನ್ನು ಹಿಡಿದು ಏರುತ್ತಿತ್ತು. ಅಗ್ಗದ ವಿಸ್ಕಿಯಲ್ಲೂ ದುಬಾರಿಯದರಲ್ಲೂ ಮದ್ಯಸಾರ ಸಾಮಾನ್ಯವಾಗಿ ಅದೇ ಶೇ 42.8. ನೈಂಟಿಯಲ್ಲಿರುವ ಮದ್ಯಸಾರ ಶೇ 5ರ ದೊಡ್ಡ ಬಿಯರ್ ಬಾಟಲಿಯದಕ್ಕಿಂತ ಹೆಚ್ಚು, ಆದರೂ ಕಿಸೆಗೆ ಹಗುರ ನೈಂಟಿಯೇ. 2024ರ ಆಗಸ್ಟಿನಲ್ಲಿ ಸ್ಲ್ಯಾಬು 16ಕ್ಕೆ ಇಳಿದು, ನೆರೆರಾಜ್ಯಗಳಿಗೆ ಸರಿಯಾಗಲೆಂದು ಬೆಲೆ ತಗ್ಗಿದ್ದು ದುಬಾರಿ ಬ್ರ್ಯಾಂಡುಗಳದ್ದು. ಅಕ್ಕಿ ಡಬ್ಬದ ಹಿಂದಿನ ಬಾಟಲಿ ಆ ಜಾತಿಯದಲ್ಲ.

ಶಿರಸಿಯ ಸಹೋದ್ಯೋಗಿಯ ಅನುಭವ ಬೇರೆ. ಘಟ್ಟದ ಮೇಲೆ ಗೋವಾ ಅಷ್ಟು ಹತ್ತಿರವಿಲ್ಲ, ರೇಟು ಏರಿದಾಗ ಅಲ್ಲಿನವರು ಬ್ರ್ಯಾಂಡು ಇಳಿಸುತ್ತಾರೆ, ಕೆಲವರು ಕ್ವಾರ್ಟರಿನಿಂದ ನೈಂಟಿಗೆ ಬರುತ್ತಾರೆ. 2007ರ ಜುಲೈ 1ಕ್ಕೆ ಕೊಟ್ಟೆ ಸಾರಾಯಿ ನಿಂತಾಗಲೂ ಕುಡಿತ ಬೇರೆ ಪ್ಯಾಕೆಟ್ಟಿಗೆ ಹೋಯಿತು ಎನ್ನುತ್ತಾರೆ ಅವರು.

ನನಗೆ ಹೆಚ್ಚು ಭಯ ಜೂನ್, ಜುಲೈನಲ್ಲಿ. 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಕೈಯಲ್ಲಿ ಕಾಸಿಲ್ಲ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ಬಿಟ್ಟರೆ ಕೈ ನಡುಗಿ, ಭ್ರಮೆ ಹಿಡಿದು, ಫಿಟ್ಸ್ ಬಂದೀತು. ಅಂಥವರಿಗೆ "ನಾಳೆಯಿಂದ ಬಿಟ್ಟುಬಿಡಿ" ಎನ್ನದೆ ಮೊದಲು ಡಾಕ್ಟರ ಹತ್ತಿರ ಕಳಿಸುತ್ತೇನೆ.

ಈಗ ಫಾರಂ ತೆಗೆಯುವ ಮೊದಲು ಮೂರು ಪ್ರಶ್ನೆ: ಎಲ್ಲಿಂದ ತಂದದ್ದು, ಎಷ್ಟು ದಿನಕ್ಕೆ ಒಂದು ಬಾಟಲಿ ಖಾಲಿ, ಯಾವ ಲೋಟ. ಟೇಬಲ್ಲಿನ ಖಾನೆಯಲ್ಲಿ ಸ್ಟೀಲ್ ಲೋಟವನ್ನೂ ಇಟ್ಟುಕೊಂಡಿದ್ದೇನೆ. ಮೊನ್ನೆ ಆ ಬೋಟಿನವರ ಹೆಂಡತಿ ಅದನ್ನು ನೋಡಿ ನಕ್ಕು, ಮೀನಿನ ಚೀಲದಿಂದ ತಮ್ಮ ಮನೆಯದನ್ನೇ ತೆಗೆದು ಪಕ್ಕದಲ್ಲಿಟ್ಟರು. "ನಿಮ್ಮದು ಸಣ್ಣದು ಅಕ್ಕೋರೆ."