ವಸಡಿನ ಸಂದಿಯ ಪೊಟ್ಟಣಗಳು

ಮಂಗಳೂರು, 18 ಜೂನ್ 2025, ಬುಧವಾರ

ಬೆಳಿಗ್ಗೆಯಿಂದ ಬಿಡದೆ ಮಳೆ. ಆದರೂ ನಮ್ಮ ಹಲ್ಲಿನ ಆಸ್ಪತ್ರೆಯ ಒಪಿಡಿ ತುಂಬಿತ್ತು. ಜೂನ್, ಜುಲೈ ಅಂದರೆ ನಮ್ಮಲ್ಲಿ ಧಕ್ಕೆಯವರ, ಅಂದರೆ ಮೀನುಗಾರಿಕೆ ಬಂದರಿನವರ ಕಾಲ. ಮಳೆಗಾಲದ ಮೀನುಗಾರಿಕೆ ನಿಷೇಧ, 61 ದಿನ ಬೋಟ್ ಕಡಲಿಗೆ ಇಳಿಯುವ ಹಾಗಿಲ್ಲ. ವರ್ಷವಿಡೀ ಮುಂದೂಡಿದ ಹಲ್ಲು, ಕಣ್ಣು, ಸೊಂಟ ಎಲ್ಲದರ ಮದ್ದೂ ಈ ಎರಡು ತಿಂಗಳಲ್ಲೇ ಆಗಬೇಕು.

ಸೋಮವಾರ ಬಂದಿದ್ದ ಬೋಟಿನವರು ಇವತ್ತು ಮತ್ತೆ ಬಂದರು. ಕೆಳಗಿನ ದವಡೆ ಹಲ್ಲು ಅಲುಗಾಡುತ್ತಿದೆ. "ನೋವಿಲ್ಲ ಡಾಕ್ಟ್ರೆ. ಉಜ್ಜುವಾಗ ರಕ್ತ ಬರ್ತದೆ. ಅದು ಮೂರ್ನಾಲ್ಕು ವರ್ಷದಿಂದ ಉಂಟು" ಎಂದಿದ್ದರು. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನೋವಿಲ್ಲದ್ದೇ ಈ ವಸಡಿನ ರೋಗದ ಕೇಡು. ಒಳಗೆ ಎಲುಬು ಕರಗುತ್ತಲೇ ಇರುತ್ತದೆ.

ಅವತ್ತೇ ಹಲ್ಲು-ವಸಡಿನ ಸಂದಿಗೆ ಪ್ರೋಬ್ ಇಳಿಸಿ ನೋಡಿದ್ದೆ. ಮಿಲಿಮೀಟರ್ ಗೆರೆ ಇರುವ ತೆಳು ಕಡ್ಡಿ ಅದು. ವಸಡು ಚೆನ್ನಾಗಿದ್ದರೆ 1ರಿಂದ 3ರೊಳಗೆ ನಿಲ್ಲುತ್ತದೆ. ಅವರದ್ದು 7ಕ್ಕೆ ಹೋಯಿತು. ಆದರೆ ಆ 7 ಆಗಿಹೋದ ನಷ್ಟದ ಲೆಕ್ಕ, ಅಲ್ವಾ? ರೋಗ ಈಗಲೂ ತಿನ್ನುತ್ತಿದೆಯೋ, ಸುಮ್ನೆ ಕೂತಿದೆಯೋ, ಕಡ್ಡಿಗೆ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಬಿಟ್ಟು ಮತ್ತೆ ಅಳೆಯಬೇಕು. ಅಷ್ಟರಲ್ಲಿ ಇನ್ನಷ್ಟು ಎಲುಬು ಹೋಗಿರಬಹುದು. ವಸಡಿನ ಸಂದಿಯಲ್ಲಿ ಒಸರುವ ದ್ರವದಿಂದ ರೋಗದ ಈಗಿನ ಸ್ಥಿತಿ ತಿಳಿಯಬಹುದೇ ಎಂಬ ವಿಷಯವನ್ನು ಥೀಸಿಸ್‌ಗೆ ನಾನು ಹಿಡಿದದ್ದು ಇದೇ ಕಾರಣಕ್ಕೆ.

ಅಳೆದ ದಿನವೇ ಆ ದ್ರವದ ಸ್ಯಾಂಪಲ್ ತೆಗೆದರೆ ರಕ್ತ ಬೆರೆಯುತ್ತದೆ. ಅದಕ್ಕೇ ಇವತ್ತು ಬರಹೇಳಿದ್ದೆ. ಹಲ್ಲಿನ ಸುತ್ತ ಹತ್ತಿ ಇಟ್ಟೆ. ಮೆಲ್ಲಗೆ ಗಾಳಿ ಊದಿ ಒಣಗಿಸಿದೆ. ಕಾಗದದ ಸಣ್ಣ ಪಟ್ಟಿಯನ್ನು ಹಲ್ಲು-ವಸಡಿನ ಸಂದಿಗೆ ಇಳಿಸಿ 30 ಸೆಕೆಂಡ್ ಎಣಿಸಿದೆ. ಮೊದಲನೆಯದು ಕೆಂಪಾಗಿ ಬಂತು, ಬಿಸಾಡಿದೆ. ಎರಡನೆಯದರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಒದ್ದೆ. ಬಣ್ಣವಿಲ್ಲ. ಆ ಒದ್ದೆಯನ್ನು ನೋಡಿ ಆದ ಖುಷಿ ಹೇಳಲಾರೆ. ಒಂದು ಮಿಲಿಲೀಟರಿನ ಸಾವಿರದಲ್ಲಿ ಒಂದು ಪಾಲೂ ಇರಲಿಕ್ಕಿಲ್ಲ. ಟ್ಯೂಬಿಗೆ ಹಾಕಿ ಐಸಿನಲ್ಲಿಟ್ಟೆ.

"ಇಷ್ಟರಲ್ಲಿ ಏನು ಸಿಗ್ತದೆ ಡಾಕ್ಟ್ರೆ?"

ನಮ್ಮ ಮೈಯ ಜೀವಕೋಶಗಳು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಹೊರಗೆ ಬಿಡುತ್ತವೆ ಎಂದೆ. ಎಕ್ಸೋಸೋಮ್ ಎಂಬ ಚಿಕ್ಕ ಜಾತಿಯವು 30ರಿಂದ 150 ನ್ಯಾನೋಮೀಟರ್. ಕೂದಲಿನ ಅಗಲಕ್ಕೆ ಸಾಲಾಗಿ ಇಟ್ಟರೆ ನೂರಾರು ಹಿಡಿಸುತ್ತವೆ. ಒಳಗೆ ಪ್ರೋಟೀನ್ ಇರುತ್ತದೆ, ಕೋಶದ ಸೂಚನೆ ಹೊತ್ತ ಆರ್‌ಎನ್‌ಎ ತುಣುಕು ಇರುತ್ತದೆ. ಬಾವು ಬಂದ ಕೋಶ ಕಟ್ಟುವ ಪೊಟ್ಟಣವೇ ಬೇರೆ, ಆರೋಗ್ಯದ ಕೋಶದ್ದೇ ಬೇರೆ. ಅದನ್ನು ಬಿಚ್ಚಿ ಓದಿದರೆ ಒಳಗೆ ಈಗ ಏನಾಗುತ್ತಿದೆ ಎಂಬ ಸುಳಿವು ಸಿಗಬಹುದು.

1980ರ ದಶಕದಲ್ಲಿ ವಿಜ್ಞಾನಿ ರೋಸ್ ಜಾನ್‌ಸ್ಟೋನ್ ಕುರಿಯ ಎಳೆಯ ಕೆಂಪು ರಕ್ತಕಣಗಳಲ್ಲಿ ಇವನ್ನು ನೋಡಿದಾಗ, ಕೋಶ ಬೇಡದ್ದನ್ನು ಹೊರಹಾಕುವ ದಾರಿ ಎಂದೇ ತಿಳಿದಿದ್ದರು. ಇವುಗಳಲ್ಲಿರುವ ಆರ್‌ಎನ್‌ಎ ಇನ್ನೊಂದು ಕೋಶಕ್ಕೆ ಹೋಗಿ ಕೆಲಸ ಮಾಡುತ್ತದೆ ಎಂದು ಸ್ವೀಡನ್ನಿನವರು ತೋರಿಸಿದ್ದು 2007ರಲ್ಲಿ.

ಕಷ್ಟ ಇರುವುದು ಬೇರ್ಪಡಿಸುವುದರಲ್ಲಿ. ಬ್ಯಾಕ್ಟೀರಿಯಾಗಳೂ ಪೊಟ್ಟಣ ಬಿಡುತ್ತವೆ, ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ವಸಡಿನ ದೊಡ್ಡ ವೈರಿ ಪಾರ್ಫಿರೋಮೊನಾಸ್ ಜಿಂಜಿವ್ಯಾಲಿಸ್ ಎಂಬ ಬ್ಯಾಕ್ಟೀರಿಯಾ ತನ್ನ ಪೊಟ್ಟಣದಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವವನ್ನೇ ತುಂಬಿ ಕಳಿಸುತ್ತದೆ. ಯಾವುದು ನಮ್ಮದು, ಯಾವುದು ಅದರದ್ದು? ಎಂಜಲಿನಲ್ಲಿ ಹುಡುಕಿದರೆ ಸ್ಯಾಂಪಲ್ ಜಾಸ್ತಿ ಸಿಗುತ್ತದೆ, ಆದರೆ ಇಡೀ ಬಾಯಿಯದ್ದೆಲ್ಲ ಅದರಲ್ಲಿ ಬೆರೆತಿರುತ್ತದೆ. ಭೂಮಿಯ ಸೆಳೆತದ 1 ಲಕ್ಷ ಪಟ್ಟು ಬಲದಲ್ಲಿ ತಿರುಗಿಸಿ ಪೊಟ್ಟಣಗಳನ್ನು ಟ್ಯೂಬಿನ ತಳಕ್ಕೆ ಇಳಿಸುವ ಯಂತ್ರ ಊರೂರಿನ ಕ್ಲಿನಿಕ್ಕಿಗೆ ಬರುವಂಥದ್ದಲ್ಲ. ಒಂದೊಂದು ಲ್ಯಾಬಿನ ಪದ್ಧತಿ ಒಂದೊಂದು ಥರ. ಆದರೂ ನನ್ನ ಒಲವು ಎಂಜಲಿನ ಕಡೆಗೇ. ಲೋಟಕ್ಕೆ ಉಗುಳಿದರೆ ಆಯಿತು, ಸೂಜಿ ಬೇಡ, ಕುರ್ಚಿ ಬೇಡ. ಅಂಥ ಪರೀಕ್ಷೆ ಧಕ್ಕೆಯಲ್ಲೇ, ಬೋಟ್ ಇಳಿದವರಿಗೆ ಮಾಡುವ ಹಾಗಾಗಬೇಕು. ಅದು ನನ್ನ ದೊಡ್ಡ ಆಸೆ.

ಸದ್ಯಕ್ಕೆ ಕೈಯಲ್ಲಿರುವುದು ಹಳೆಯ ಮದ್ದೇ. ಕೆಳಗಿನ ಬಲಗಡೆ ಬೇರಿನವರೆಗೆ ಕ್ಲೀನ್ ಮಾಡಿದೆ. ಉಳಿದದ್ದಕ್ಕೆ ಇನ್ನು ಮೂರು ಸಲ ಬರಬೇಕು. ಅದಾಗಿ ಆರೆಂಟು ವಾರಕ್ಕೆ ಮತ್ತೆ ಅಳೆಯಬೇಕು. ಎಣಿಸಿದರೆ ಆಗಸ್ಟ್ ಕೊನೆ.

"ಆಗ ನಾನು ನೀರಲ್ಲಿ ಇರ್ತೇನಲ್ಲ" ಎಂದರು.

ಬೋಟ್ ದಡಕ್ಕೆ ಬಂದ ದಿನ ಫೋನ್ ಮಾಡಿ, ಯಾವ ವಾರ ಆದರೂ ನೋಡುತ್ತೇನೆ ಎಂದೆ. ಅಪಾಯಿಂಟ್‌ಮೆಂಟ್ ಕಾರ್ಡಿನ ಹಿಂದೆ ನನ್ನ ನಂಬರ್ ಬರೆದುಕೊಟ್ಟೆ. ಮಳೆಗೆ ಒದ್ದೆಯಾಗದ ಹಾಗೆ ಪ್ಲಾಸ್ಟಿಕ್‌ನಲ್ಲಿ ಮಡಚಿ ಅಂಗಿ ಜೇಬಿಗೆ ಹಾಕಿಕೊಂಡರು.