ಕೂಗಳತೆಯೂ ಕಾಲಳತೆಯೂ

ಜಯನಗರದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಾಗ, ಮೆಟ್ರೋ ನಿಲ್ದಾಣ ಕೂಗಳತೆಯಲ್ಲೇ ಇದೆ ಎಂದು ಮಧ್ಯವರ್ತಿಯೊಬ್ಬರು ಭರವಸೆ ಕೊಟ್ಟರು. ಮಂಡಿನೋವಿನ ತಂದೆಯವರು ದಿನವೂ ನಡೆಯಬೇಕಾದ ದಾರಿಯಾದ್ದರಿಂದ, ಕೂಗು ಮುಟ್ಟುವ ದೂರಕ್ಕಿಂತ ಕಾಲು ಸವೆಸಬೇಕಾದ ದೂರ ನನಗೆ ಮುಖ್ಯವಾಗಿತ್ತು. ಹಾಗಾಗಿ ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶ ತೆರೆದು ಕುಳಿತೆ.

ಮೊದಲು ನಿಲ್ದಾಣದ ಮೇಲೊಂದು ಬಿಂದುವಿಟ್ಟು 800 ಮೀಟರ್ ಬಫರ್, ಅಂದರೆ ಅಷ್ಟು ತ್ರಿಜ್ಯದ ವೃತ್ತ, ಎಳೆದೆ. ಸಾಧಾರಣ ವೇಗದವರಿಗೆ ಅದು ಸುಮಾರು 10 ನಿಮಿಷದ ನಡಿಗೆ. (ನಕ್ಷೆಯನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ ಮೊದಲೇ ಬದಲಿಸಿಕೊಳ್ಳಬೇಕು, ಅಕ್ಷಾಂಶ ರೇಖಾಂಶಗಳಲ್ಲೇ ಬಿಟ್ಟರೆ ತಂತ್ರಾಂಶ ಆ 800ನ್ನು ಡಿಗ್ರಿ ಎಂದು ತಿಳಿಯುತ್ತದೆ.) ಮನೆಯೇನೋ ವೃತ್ತದೊಳಗೇ ಇತ್ತು. ಆದರೆ ಬಫರ್ ಎಂದರೆ ಕೈವಾರದಲ್ಲಿ ಎಳೆದ ಗೆರೆ. ಕಾಂಪೌಂಡು, ಡಿವೈಡರ್, ಉದ್ಯಾನದ ಬೇಲಿ ಯಾವುದೂ ಅದರ ಲೆಕ್ಕಕ್ಕಿಲ್ಲ. ಮೇನ್‌ಗಳೂ ಕ್ರಾಸ್‌ಗಳೂ ಚೌಕಳಿಯಾಗಿ ಕೂಡುವ ಬಡಾವಣೆಯಲ್ಲಿ 800 ಮೀಟರ್ ನಡೆದು ಮುಟ್ಟಬಹುದಾದ ಪ್ರದೇಶ ವೃತ್ತವಾಗದೆ ಮೂಲೆಯ ಮೇಲೆ ನಿಲ್ಲಿಸಿದ ಚೌಕವಾಗುತ್ತದೆ: ವೃತ್ತದ 201 ಹೆಕ್ಟೇರ್‌ಗಳಲ್ಲಿ ದಕ್ಕುವುದು ಹೆಚ್ಚೆಂದರೆ 128.

ಆದ್ದರಿಂದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯ ರಸ್ತೆಗಳನ್ನು ಇಳಿಸಿಕೊಂಡು, ಬೀದಿಗಳ ಗುಂಟವೇ ದೂರ ಅಳೆಯುವ ‘ಸರ್ವಿಸ್ ಏರಿಯಾ’ ಉಪಕರಣವನ್ನು ಓಡಿಸಿದೆ. ದೂರದ ಬದಲು ಸಮಯ ಆರಿಸಿ 10 ನಿಮಿಷ ಕೊಟ್ಟಾಗ ನಡಿಗೆಯ ವ್ಯಾಪ್ತಿ ಜಯನಗರದಾಚೆಗೆ ಬಹುದೂರ ಚಾಚಿಕೊಂಡಿತು. ತಾನಾಗಿಯೇ ಇರುವ ಗಂಟೆಗೆ 50 ಕಿಲೋಮೀಟರ್ ವೇಗವನ್ನು 5ಕ್ಕೆ ಇಳಿಸಲು ಮರೆತಿದ್ದೆ. ತಂದೆಯವರು ಆ ನಕ್ಷೆಯನ್ನು ನೋಡಿ ಬಹಳ ಸಂತೋಷಪಟ್ಟರು.

ವೇಗ ಸರಿಪಡಿಸಿದ ಮೇಲೂ ಒಂದು ಕ್ರಾಸ್ ಪೂರ್ತಿ ಹೊರಗೇ ಉಳಿಯಿತು. ಬಹಳ ಹಿಗ್ಗಿಸಿ ನೋಡಿದಾಗ ಆ ಕ್ರಾಸಿನ ಗೆರೆ ಮೇನ್ ರಸ್ತೆಯ ಗೆರೆಯನ್ನು ಮುಟ್ಟದೆ ಒಂದು ಮೀಟರಿನಷ್ಟು ಮೊದಲೇ ನಿಂತಿರುವುದು ಕಂಡಿತು. ಕಣ್ಣಿಗೆ ಕೂಡಿದಂತಿದ್ದರೂ ಲೆಕ್ಕಕ್ಕೆ ಅಲ್ಲಿ ದಾರಿಯೇ ಇರಲಿಲ್ಲ. ಅದನ್ನು ಜೋಡಿಸಿದೆ. ಏಕಮುಖ ಸಂಚಾರದ ನಿಯಮ ವಾಹನಗಳಿಗೆ ಮಾತ್ರವಾದ್ದರಿಂದ ಎಲ್ಲ ರಸ್ತೆಗಳನ್ನೂ ಎರಡೂ ದಿಕ್ಕಿಗೆ ತೆರೆದಿಟ್ಟೆ. ಕೊನೆಗೆ, ಎಲ್ಲಕ್ಕಿಂತ ಮುಖ್ಯವೆಂದು ನನಗನ್ನಿಸುವ ತಿದ್ದುಪಡಿಯಾಗಿ, ನಿಲ್ದಾಣದ ನಡುವಿನಲ್ಲಿದ್ದ ಬಿಂದುವನ್ನು ಜನರು ನಿಜವಾಗಿ ಒಳಹೋಗುವ ಬಾಗಿಲಿಗೆ ಸರಿಸಿದೆ.

ನೇರ ಗೆರೆಯಲ್ಲಿ 740 ಮೀಟರ್ ಇದ್ದ ಮನೆ ಬೀದಿಯ ಲೆಕ್ಕದಲ್ಲಿ 1,030 ಮೀಟರ್ ಆಯಿತು. ಭಾನುವಾರ ಬೆಳಿಗ್ಗೆ ತಂದೆಯವರೊಡನೆ ಆ ದಾರಿಯನ್ನು ನಡೆದೇ ನೋಡಿದೆ. ತಂತ್ರಾಂಶ 12 ನಿಮಿಷ ಹೇಳಿತ್ತು. ನಮಗೆ 21 ನಿಮಿಷ ಹಿಡಿಯಿತು. ಅದರಲ್ಲಿ ಮೂರು ನಿಮಿಷ ರಸ್ತೆ ದಾಟಲು ಕಾದು ನಿಂತದ್ದು, ನಾಲ್ಕು ನಿಮಿಷ ದಾರಿಯಲ್ಲಿ ಸಿಕ್ಕ ಎಳನೀರಿನದು.